ಮೇಲಿನ ಊರು, ಕೆಳಗಿನ ಊರು

“ಅಲ್ರಿ ಮಾಸ್ತರ, ಗ್ರೂಪಿನ್ಯಾಗ ಬಂದದ್ದೆಲ್ಲ ನಾ ಓದ್ತೀನಿ. ಒಂದೂ ಬಿಡಂಗಿಲ್ಲ. ಓದಿದ್ರ ಸಾಲದೇನು? ಬರೀಲಿಕ್ಕೇ ಬೇಕಂತ ಯಾಕ ಹಟ?”

ಗೋಡೆಯಾಚೆಯಿಂದ ಪಕ್ಕದ ಮನೆ ಅಕ್ಕಾರ ಕೇಳಿದ್ದು. ಆಳಂದದಿಂದ ಅವರ ಮಗಳು ಫೋನ್ ಮಾಡಿ, “ಯವ್ವಾ, ನೀ ಗ್ರೂಪಿನ್ಯಾಗ ಇದ್ದೀಯೋ ಇಲ್ಲೋ ತಿಳೀವಲ್ದು” ಅಂದಿದ್ದಳಂತೆ. ಅಕ್ಕಾರಿಗೆ ಆ ಮಾತು ಮನಸ್ಸಿಗೆ ನಾಟಿದೆ. ಅವರ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆ. ಸೊಸೆಯಾಗಿ ಬಂದದ್ದು ನಮ್ಮ ಜೇವರ್ಗಿಗೆ. ಮಗಳನ್ನು ಕೊಟ್ಟದ್ದು ಆಳಂದಕ್ಕೆ. ಹಾಗಾಗಿ ಅವರ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೂರೂ ತಾಲ್ಲೂಕಿನ ಬೀಗರು, ನೆಂಟರು, ಪುಣೆ-ಮುಂಬೈಗೆ ದುಡಿಯಲು ಹೋದ ಹುಡುಗರು, ಬೆಂಗಳೂರಿನಲ್ಲಿ ಮನೆ ಮಾಡಿದವರು ಎಲ್ಲ ಸೇರಿದ್ದಾರೆ. ಅಷ್ಟು ಜನರಲ್ಲಿ ಮಾತಾಡುವವರು ನಾಲ್ಕೈದು ಮಂದಿ. ಉಳಿದವರು ಅಕ್ಕಾರ ಹಾಗೆ, ಓದಿ ಫೋನು ಕೆಳಗಿಡುವವರು.

ಅಕ್ಕಾರ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಓದುವುದೇನು ಕಡಿಮೆ ಕೆಲಸವಲ್ಲ. ಕೇಳುವವರೇ ಇಲ್ಲದಿದ್ದರೆ ಹೇಳುವವರು ಯಾರಿಗೆ ಹೇಳಬೇಕು? ಆದರೆ ಎಲ್ಲಿ ಕುಳಿತು ಸುಮ್ಮನೆ ಓದುತ್ತೇವೆ ಅನ್ನುವುದರ ಮೇಲೆ ಆ ಸುಮ್ಮನಿರುವಿಕೆಯ ಅರ್ಥವೇ ಬದಲಾಗುತ್ತದೆ. ಆವತ್ತು ಸಂಜೆ ನಮ್ಮ ಮಾತು ಅಲ್ಲಿಂದ ಹೊರಟದ್ದು ಎಲ್ಲೆಲ್ಲಿಗೋ ಹೋಯಿತು.

ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ತೆಗೆದುಕೊಳ್ಳಿ ಅಂದೆ. ಅಲ್ಲಿ ನೀವು ಒಂದಕ್ಷರ ಬರೆಯದಿದ್ದರೂ ನಿಮ್ಮ ಕಣ್ಣು ಕೆಲಸ ಮಾಡುತ್ತಿರುತ್ತದೆ. ಯಾವ ರೀಲಿನ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಎರಡು ಸಲ ನೋಡಿದಿರಿ, ಯಾವುದನ್ನು ಸರಕ್ಕನೆ ಮೇಲಕ್ಕೆ ತಳ್ಳಿದಿರಿ, ಎಲ್ಲವೂ ಲೆಕ್ಕಕ್ಕೆ ಹೋಗುತ್ತದೆ. ನೀವು ನೋಡಿದ್ದನ್ನು ಇನ್ನಷ್ಟು ಜನಕ್ಕೆ ತೋರಿಸಬೇಕೋ ಬೇಡವೋ ಎಂದು ಯಂತ್ರ ತೀರ್ಮಾನಿಸುತ್ತದೆ. ಹಿಂದೆ ಹೀಗಿರಲಿಲ್ಲ. ಫೇಸ್‌ಬುಕ್ಕಿಗೆ ನ್ಯೂಸ್ ಫೀಡ್ ಬಂದದ್ದು 2006ರಲ್ಲಿ, ಲೈಕ್ ಗುಂಡಿ ಬಂದದ್ದು 2009ರಲ್ಲಿ. ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಎರಡೂ 2016ರಲ್ಲಿ ಕಾಲದ ಸಾಲನ್ನು ಬಿಟ್ಟು, ಯಂತ್ರ ಆರಿಸಿದ ಸಾಲಿಗೆ ಹೊರಳಿದವು. ಅಂದಿನಿಂದ ಅಲ್ಲಿ ಯಾರು ಮೊದಲು ಹೇಳಿದರು ಅನ್ನುವುದಕ್ಕೆ ಬೆಲೆ ಇಲ್ಲ, ಯಾವುದು ಜನರನ್ನು ಹಿಡಿದು ನಿಲ್ಲಿಸುತ್ತದೆ ಅನ್ನುವುದಕ್ಕೆ ಬೆಲೆ.

ಅದೇ 2016ರಲ್ಲಿ ಜರ್ಮನಿಯ ಯುಗೆನ್ ರೊಖ್ಕೊ ಎಂಬ ಯುವಕ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣವನ್ನು ಹೊರತಂದರು. ಅಲ್ಲಿ ನೀವು ಯಾರನ್ನು ಕೇಳಲು ಒಪ್ಪಿದ್ದೀರೋ ಅವರ ಮಾತು ಮಾತ್ರ, ಅವರು ಬರೆದ ಹೊತ್ತಿನ ಸಾಲಿನಲ್ಲೇ ನಿಮಗೆ ಬರುತ್ತದೆ. ನಡುವೆ ತೂರಿಸುವವರಿಲ್ಲ. ನಮ್ಮ ಕಡೆ ಅದರ ಬಳಕೆ ಕಾಣುವುದಿಲ್ಲ. ನಮ್ಮ ಪಾಲಿಗೆ ಅಂಥ ನಿಧಾನದ, ಸಾಲು ತಪ್ಪದ ಜಾಗವೆಂದರೆ ಮನೆತನದ ಗ್ರೂಪು, ಓಣಿಯ ಗ್ರೂಪು, ತೊಗರಿ ಬೆಳೆಯುವವರ ಗ್ರೂಪು, ಭಜನಿ ಗ್ರೂಪು. ವಾಟ್ಸ್‌ಆ್ಯಪ್ ಕೂಡ 2014ರಿಂದ ಫೇಸ್‌ಬುಕ್ ಕಂಪನಿಯದೇ ಸ್ವತ್ತು, ಅದನ್ನು ಮರೆಯಬಾರದು. ಆದರೂ ಗ್ರೂಪಿನ ಒಳಗೆ ಮುಂಜಾನೆ ಹಾಕಿದ್ದು ಮುಂಜಾನೆಯ ಜಾಗದಲ್ಲೇ ಇರುತ್ತದೆ, ಸಂಜೆಯದು ಸಂಜೆಯ ಜಾಗದಲ್ಲಿ. ಇಲ್ಲಿ ನೀವು ಓದಿ ಸುಮ್ಮನಾದರೆ ಆ ಮಾತು ಅಲ್ಲೇ ನಿಲ್ಲುತ್ತದೆ. ನೀವು ಹೊತ್ತು ಒಯ್ದರೆ ಮಾತ್ರ ಮುಂದೆ ಹೋಗುತ್ತದೆ.

“ಹಂಗಂದ್ರ ನಾ ಓದಿದ್ದು ಯಾರಿಗೂ ಗೊತ್ತಾಗಂಗಿಲ್ಲೇನು?” ಅಂದರು ಅಕ್ಕಾರ.

ಗೊತ್ತಾಗುತ್ತದೆ. ಹಾಕಿದವರು ತಮ್ಮ ಸಂದೇಶವನ್ನು ಒತ್ತಿ ಹಿಡಿದು ನೋಡಿದರೆ ಯಾರ್ಯಾರು ಓದಿದ್ದಾರೆ ಅನ್ನುವ ಪಟ್ಟಿಯೇ ಬರುತ್ತದೆ. ನಿಮ್ಮ ಮಗಳು ನೋಡಿದ್ದು ಅದನ್ನೇ. ಅವ್ವ ಓದಿದ್ದಾಳೆ, ಒಂದು ಮಾತೂ ಆಡಿಲ್ಲ. ಯಾರೂ ಓದಲಿಲ್ಲವೆಂದರೆ ಆಗುವ ಬೇಸರ ಒಂದು ತರಹದ್ದು. ಎಲ್ಲರೂ ಓದಿದರು, ಯಾರೂ ಸೊಲ್ಲೆತ್ತಲಿಲ್ಲ ಅನ್ನುವ ಬೇಸರ ಅದಕ್ಕಿಂತ ಆಳ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾತ್ರಿ ಅಂಗಳದಲ್ಲಿ ಮಲಗಿ ಕತಿ ಹೇಳುವ ಅಜ್ಜಿ ಮೊದಲು ಒಂದು ಕರಾರು ಮಾಡಿಸಿಕೊಳ್ಳುತ್ತಿದ್ದಳು: “ಹೂಂ ಅನ್ನೋರು ಬೇಕ ನೋಡ್ರಿ, ಇಲ್ಲಂದ್ರ ನಾ ಹೇಳಂಗಿಲ್ಲ.” ಹೂಂಗುಟ್ಟುವವನು ಕತಿ ಹೇಳುವುದಿಲ್ಲ, ಕತಿಗೆ ಏನನ್ನೂ ಸೇರಿಸುವುದಿಲ್ಲ. ಆದರೂ ಅವನಿಲ್ಲದೆ ರಾಜಕುಮಾರ ಅಡವಿ ದಾಟುವುದಿಲ್ಲ. ಲೈಕ್ ಒತ್ತುವುದೂ ಇದೇ ಅಲ್ಲವೇ ಅಂತ ಕೇಳಿದರೆ, ಅಲ್ಲ ಅನ್ನುತ್ತೇನೆ. ಹೂಂ ಅನ್ನುವವನು ಅಜ್ಜಿಯ ದನಿ ಎಲ್ಲಿ ಇಳಿಯಿತು, ಎಲ್ಲಿ ಉಸಿರು ತೆಗೆದುಕೊಂಡಳು ಅನ್ನುವುದನ್ನು ಕಿವಿಗೊಟ್ಟು ಹಿಡಿದು, ಸರಿಯಾದ ಜಾಗಕ್ಕೆ ಹೂಂ ಇಡಬೇಕು. ನಡುವೆ ನಿದ್ದೆ ಹತ್ತಿ ಹೂಂ ನಿಂತಿತೋ, ಕತಿಯೂ ನಿಂತಿತು.

ರೇಡಿಯೋ ಕಾಲದಲ್ಲೂ ಹಾಗೆಯೇ. ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರಲ್ಲಿ. ಹಳ್ಳಿಯಲ್ಲಿ ಒಂದು ರೇಡಿಯೋ, ಸುತ್ತ ಕುಳಿತ ಹತ್ತಾರು ಮಂದಿ. ಅದರಲ್ಲಿ ಒಬ್ಬನಾದರೂ ಕಾರ್ಡು ಬರೆಯುವವನು ಇರುತ್ತಿದ್ದ. ಕೃಷಿ ಕಾರ್ಯಕ್ರಮದಲ್ಲಿ ಹೇಳಿದ ಔಷಧದ ಹೆಸರು ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿರಿ ಎಂದು ಬರೆಯುತ್ತಿದ್ದ. ಆ ಕಾರ್ಡು ಟಪಾಲಿನಲ್ಲಿ ಹೋಗಿ, ಉತ್ತರ ಗಾಳಿಯಲ್ಲಿ ಬರುವಷ್ಟರಲ್ಲಿ ದಿನಗಳೇ ಕಳೆಯುತ್ತಿದ್ದವು. ಆದರೆ ಉತ್ತರ ಬಂದಾಗ ಕೇಳಿದವನೊಬ್ಬನಿಗಲ್ಲ, ಕೇಳಲು ಸಂಕೋಚಪಟ್ಟ ಎಲ್ಲರಿಗೂ ಅದು ಮುಟ್ಟುತ್ತಿತ್ತು.

ಅಷ್ಟು ಹೇಳಿ ನಾನು ಅಕ್ಕಾರಿಗೆ ಅವರದೇ ಗ್ರೂಪಿನ ಒಂದು ಸಂಗತಿ ನೆನಪಿಸಿದೆ. 2020ರ ಅಕ್ಟೋಬರ್. ಮಹಾರಾಷ್ಟ್ರದಲ್ಲಿ ಮಳೆ ಹಿಡಿದು, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಭೀಮೆಗೆ ಬಂತು. ನಮ್ಮ ಜಿಲ್ಲೆಗೆ ಆ ನೀರು ಒಂದು ಸಾಲಿನಲ್ಲಿ ಬರುತ್ತದೆ. ಮೊದಲು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು. ಆಮೇಲೆ ಭಾಗ್ಯವಂತಿಯ ಘತ್ತರಗಿ. ಆಮೇಲೆ ದತ್ತನ ಗಾಣಗಾಪುರ. ಅಲ್ಲಿ ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಬಂದು ಕೂಡುತ್ತದೆ. ಆಮೇಲೆ ನಮ್ಮ ಜೇವರ್ಗಿ ಸೀಮೆ, ಕಲಬುರಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆ. ಸೊನ್ನದಲ್ಲಿ ಗೇಟು ತೆಗೆದ ಮೇಲೆ ನಮ್ಮ ದಂಡೆಗೆ ನೀರು ಏರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ದನ ಬಿಚ್ಚಬಹುದು, ಪಂಪ್‌ಸೆಟ್ಟು ಮೇಲಕ್ಕೆ ಎತ್ತಬಹುದು, ಮುದುಕರನ್ನು ಎತ್ತರದ ಮನೆಗೆ ಸಾಗಿಸಬಹುದು.

ಆ ದಿನಗಳಲ್ಲಿ ಫೇಸ್‌ಬುಕ್ಕಿನಲ್ಲಿ ಭೀಮೆಯ ವಿಡಿಯೋಗಳಿಗೆ ಕೊರತೆ ಇರಲಿಲ್ಲ. ಆದರೆ ಅಲ್ಲಿ ಹೆಚ್ಚು ಮಂದಿ ನೋಡಿದ ನಿನ್ನೆಯ ವಿಡಿಯೋ ಇವತ್ತು ಮೇಲೆ ಬರುತ್ತದೆ, ಈಗಿನದು ಎಲ್ಲೋ ತಳದಲ್ಲಿ ಉಳಿಯುತ್ತದೆ. ಬೇರೆ ವರ್ಷದ, ಬೇರೆ ನದಿಯ ನೀರೂ ನಮ್ಮದೆಂದು ಬಂದು ಸೇರುತ್ತದೆ. ಸೇತುವೆ ಮುಳುಗಿದೆಯೋ ಇಲ್ಲವೋ ತಿಳಿಯಬೇಕಾದವನಿಗೆ ಅದರಿಂದ ಏನೂ ಉಪಯೋಗವಿಲ್ಲ, ಅಪಾಯವೇ ಹೆಚ್ಚು. ಅಕ್ಕಾರ ಗ್ರೂಪಿನಲ್ಲಿ ಹಾಗಾಗಲಿಲ್ಲ. ಅವರ ಅಣ್ಣನ ಮಗ ದಂಡೆಯ ಊರಿನಿಂದ ಬರೆದಿದ್ದ: “ಹೊಳಿ ಏರ್ಲಾಕತ್ತದ. ಕೆಳಗಿನ ಹೊಲ ಮುಣಗ್ಯಾವ. ಕತ್ತಲಾಗೂದರೊಳಗ ದನ ಹೊಡಕೊಂಡು ಮ್ಯಾಲ ಬರ್ರಿ.” ಚಿತ್ರವಿಲ್ಲ, ಹಾಡು ಸೇರಿಸಿದ ವಿಡಿಯೋ ಇಲ್ಲ. ಅದನ್ನು ಓದಿದವರಲ್ಲಿ ಕೆಳಗಿನ ಊರಿನ ಒಬ್ಬ, “ಅಗಸಿತನ ಬಂತೇನು?” ಎಂದು ಕೇಳಿದ. “ಇಲ್ಲ, ಗುಡಿ ಮೆಟ್ಟಲಿಗಿ ಅದ.” ಕೇಳಿದವನು ತನ್ನ ದಂಡೆಗೆ ನೀರು ಬಂದಾಗ ತನ್ನ ಊರಿನ ಗ್ರೂಪಿಗೆ ಬರೆದ. ಅಲ್ಲಿಂದ ಓದಿದವರು ಇನ್ನೂ ಕೆಳಗಿನವರಿಗೆ ಬರೆದರು.

ಆ ಮಾತುಕತೆಯಲ್ಲಿ ಪ್ರತಿಯೊಬ್ಬನೂ ಮೇಲಿನ ಊರಿಗೆ ಕೇಳುಗ, ಕೆಳಗಿನ ಊರಿಗೆ ಹೇಳುಗ. ಮೇಲಿನದನ್ನು ಸುಮ್ಮನೆ ಓದಿದ್ದರಲ್ಲಿ ಏನೂ ತಪ್ಪಿಲ್ಲ, ಓದಲೇಬೇಕಿತ್ತು. ಆದರೆ ಓದಿ ಅಲ್ಲಿಗೇ ಬಿಟ್ಟಿದ್ದರೆ ಕೆಳಗಿನವರ ದನ ಹೊಳೆ ಪಾಲಾಗುತ್ತಿದ್ದವು. ಯಾರು ಮಾತಾಡುವವರು, ಯಾರು ಕೇಳುವವರು ಎಂದು ಜನರನ್ನೇ ಎರಡು ಪಾಲು ಮಾಡುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಯಾವ ವಿಷಯಕ್ಕೆ ನಾನು ಮೇಲಿನ ಊರು, ಯಾವ ವಿಷಯಕ್ಕೆ ಕೆಳಗಿನ ಊರು ಎಂದು ನೋಡಿಕೊಳ್ಳಬೇಕು. ತೊಗರಿಗೆ ಬಂದ ರೋಗದ ಬಗ್ಗೆ ನಾನು ಕೆಳಗಿನ ಊರಿನವನು, ತೆಪ್ಪಗೆ ಓದುತ್ತೇನೆ. ಶಾಲೆಯ ದಾಖಲೆ, 371ಜೆ ಪ್ರಮಾಣಪತ್ರದ ಅರ್ಜಿ ಅಂದರೆ ಅದರಲ್ಲಿ ನನಗೆ ಅನುಭವವಿದೆ. ಅಲ್ಲಿ ನಾನು ಬಾಯಿ ಬಿಡಲೇಬೇಕು.

“ನಾ ಯಾವುದಕ್ಕ ಮ್ಯಾಲಿನ ಊರ್ರಿ? ನಾಕನೇತ್ತಾ ಕಲಿತಾಕಿ ನಾ.” ಅಕ್ಕಾರ ಮುಖದಲ್ಲಿ ನಿಜವಾದ ಅನುಮಾನವಿತ್ತು.

ಎಳ್ಳಮಾವಾಸ್ಯೆಗೆ ಅಂದೆ. ಹೋದ ಸಲ ಹಬ್ಬದ ಹಿಂದಿನ ದಿನ ಪುಣೆಯಲ್ಲಿರುವ ನಿಮ್ಮ ಮೈದುನನ ಸೊಸೆ ಗ್ರೂಪಿನಲ್ಲಿ ಕೇಳಿದ್ದಳು, ಭಜ್ಜಿಗೆ ಏನೇನು ಹಾಕಬೇಕು, ಎಷ್ಟೆಷ್ಟು ಹಾಕಬೇಕು ಅಂತ. ಮೂವರು ಕೈಮುಗಿಯುವ ಚಿತ್ರ ಹಾಕಿದರು. ಒಬ್ಬ ಯೂಟ್ಯೂಬಿನ ಕೊಂಡಿ ಹಾಕಿದ. ಅದರಲ್ಲಿ ತೋರಿಸಿದ್ದು ಎಣ್ಣೆಯಲ್ಲಿ ಕರಿಯುವ ಭಜಿ! ನಮ್ಮ ಭಜ್ಜಿಯೇ ಬೇರೆ. ಹಸಿ ತೊಗರಿಕಾಳು, ಅವರೆಕಾಳು, ಹಸಿ ಕಡಲೆ, ಗಜ್ಜರಿ, ಬದನೆ, ಮೆಂತ್ಯ, ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿರಾಗಿ ಸಿಕ್ಕುತ್ತದೋ ಅದೆಲ್ಲ ಕುದಿಸಿ, ಕಡಲೆ ಹಿಟ್ಟು ಕಲಸಿ ಬಿಟ್ಟು, ಹುಳಿ ಹಿಡಿಸಿ, ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲಿ ಕೂತು ಉಣ್ಣುವುದು. ಹಿಟ್ಟು ಗಂಟಾಗದ ಹಾಗೆ ಯಾವಾಗ ಬಿಡಬೇಕು, ಹುಳಿ ಯಾವಾಗ ಬೀಳಬೇಕು, ಅದು ನಿಮ್ಮ ಕೈಗೆ ಗೊತ್ತು. ನೀವು ಆ ಪ್ರಶ್ನೆ ಓದಿದಿರಿ. ಅಡುಗೆಮನೆಯಲ್ಲಿ ಕೂತು ನನ್ನ ಹೆಂಡತಿಗೆ ಅದರ ಉತ್ತರವನ್ನೂ ಹೇಳಿದಿರಿ. ಪುಣೆಯವಳಿಗೆ ಮಾತ್ರ ಹೇಳಲಿಲ್ಲ.

ಅಕ್ಕಾರ ಸುಮ್ಮನೆ ತಲೆಯಾಡಿಸಿದರು. “ಟೈಪ್ ಮಾಡ್ಲಾಕ ಬರಂಗಿಲ್ರಿ. ತಪ್ಪಾದ್ರ ಹುಡುಗ್ರು ನಗ್ತಾರ.”

ಈ ಅಂಜಿಕೆ ಅವರೊಬ್ಬರದಲ್ಲ. ಗ್ರೂಪುಗಳಲ್ಲಿ ಸುಮ್ಮನಿರುವ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಹೇಳಲು ಬೇಕಾದಷ್ಟಿದೆ, ಅಕ್ಷರದ ಅಂಜಿಕೆ ಬಾಯಿ ಕಟ್ಟಿದೆ. ಅದಕ್ಕೆ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುವ ಅನುಕೂಲವಿದೆ. ದನಿಯಲ್ಲಿ ಕಾಗುಣಿತದ ತಪ್ಪು ಇರುವುದಿಲ್ಲ. ಮನೆಯ ಹುಡುಗರು ಅದೊಂದನ್ನು ಕಲಿಸಿಕೊಟ್ಟರೆ ಸಾಕು. ನಗುವ ಹುಡುಗರಿಗೆ ಮನೆಯ ಹಿರಿಯರು ಒಂದು ಮಾತು ಗಟ್ಟಿಯಾಗಿ ಹೇಳಬೇಕು ಕೂಡ.

ಅಕ್ಕಾರ ಮೊಮ್ಮಗಳು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ರಜೆಗೆ ಬಂದಿದ್ದವಳು ನಮ್ಮ ಮಾತು ಕೇಳಿ ಗೋಡೆಯ ಹತ್ತಿರ ಬಂದಳು. ಇದರ ಮೇಲೆ ಬಹಳ ಅಧ್ಯಯನ ನಡೆದಿದೆ ಅಂದಳು. ಇಂಥ ಕೂಟಗಳಲ್ಲಿ ನೂರಕ್ಕೆ 90 ಮಂದಿ ಬರೇ ಓದುತ್ತಾರೆ, 9 ಮಂದಿ ಆಗಾಗ ಬರೆಯುತ್ತಾರೆ, ಒಬ್ಬನೇ ಹೆಚ್ಚಿನದನ್ನೆಲ್ಲ ಬರೆಯುತ್ತಾನೆ ಎಂದು ಯಾಕೊಬ್ ನೀಲ್ಸನ್ 2006ರಲ್ಲೇ ಹೇಳಿದ್ದರಂತೆ. 2015ರಲ್ಲಿ ಫಿಲಿಪ್ ವರ್ಡೈನ್ ಮತ್ತು ಸಂಗಡಿಗರು ಕೆಲವರಿಗೆ ಫೇಸ್‌ಬುಕ್ಕನ್ನು ಬರೇ ನೋಡಲು, ಕೆಲವರಿಗೆ ಅದರಲ್ಲಿ ಬರೆಯಲು, ಮಾತಾಡಲು ಹೇಳಿದರು. ಬರೇ ನೋಡಿದವರ ಮನಸ್ಸು ದಿನ ಮುಗಿಯುವಷ್ಟರಲ್ಲಿ ಕುಗ್ಗಿತ್ತು. ಆದರೆ 2022ರಲ್ಲಿ ಪ್ಯಾಟಿ ವಾಲ್ಕೆನ್‌ಬರ್ಗ್ ಮತ್ತು ಸಂಗಡಿಗರು ಇಂಥ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೆಯುವವರು ಸುಖಿಗಳು, ನೋಡುವವರು ದುಃಖಿಗಳು ಅನ್ನುವ ಮಾತು ಬಹುಪಾಲು ಕಡೆ ನಿಲ್ಲಲಿಲ್ಲ.

ನನಗೆ ಈ ಕೊನೆಯ ಮಾತು ಸರಿ ಅನಿಸಿತು. ನೋಡುವವನಿಗೆ ಸುಖವೋ ದುಃಖವೋ ಅನ್ನುವುದರ ಮೇಲೆ ನಾನು ಈ ವಿಷಯ ಅಳೆಯಲಾರೆ. ಅಕ್ಕಾರಿಗೆ ಓದಿ ಸುಮ್ಮನಾಗುವುದರಲ್ಲಿ ನೆಮ್ಮದಿಯೇ ಇದೆ. ಪುಣೆಯವಳಿಗೆ ಭಜ್ಜಿ ಕೆಟ್ಟಿತು, ಅಷ್ಟೇ. ಸುಮ್ಮನಿದ್ದವರಿಗೆ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ, ಕೇಳಿ ಕಾಯುತ್ತ ಕೂತವರಿಗೆ ಏನಾಯಿತು ಎಂದೂ ಕೇಳಬೇಕು.

ತೊಗರಿಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನಮ್ಮ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೂರೂ ತಾಲ್ಲೂಕಿನ ಬದುಕು ನಿಂತಿರುವುದೇ ಅದರ ಮೇಲೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ನಿಂತ ಬೆಳೆ ನಿಂತ ಹಾಗೇ ಒಣಗಿತು. ಕಾಯಿ ಕಟ್ಟಿದ ಗಿಡ ನೋಡುನೋಡುತ್ತ ಬಾಡಿದ್ದನ್ನು ಕಂಡವರಿಗೆ ಆ ಸಂಕಟ ಗೊತ್ತು. ಸರ್ಕಾರ ಆಮೇಲೆ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಆ ಹೊತ್ತಿಗೆ ನಾನಿರುವ ಒಂದು ರೈತರ ಗ್ರೂಪಿನಲ್ಲಿ ಹುಡುಗನೊಬ್ಬ ಒಣಗಿದ ಗಿಡದ ಫೋಟೋ ಹಾಕಿ, “ಇದು ಏನಾಗ್ಯದ ಹೇಳ್ರಿ” ಎಂದು ಕೇಳಿದ. ಅದರ ಕೆಳಗೆ ಶುಭೋದಯದ ಗುಲಾಬಿ ಹೂ, ದೇವರ ಚಿತ್ರ, ಯಾರದೋ ಹುಟ್ಟುಹಬ್ಬ, ಮತ್ತೆ ಗುಲಾಬಿ. ಗ್ರೂಪು ಆ ದಿನ ಬಹಳ ಚಟುವಟಿಕೆಯಿಂದಲೇ ಇತ್ತು. ಬೇರೆಯವರು ಮಾಡಿದ ಚಿತ್ರವನ್ನು ಮುಂದಕ್ಕೆ ದಾಟಿಸುವುದನ್ನು ನಾನು ಮಾತಾಡಿದ್ದು ಎಂದು ಎಣಿಸುವುದಿಲ್ಲ. ಅದು ಓದಿ ಸುಮ್ಮನಿರುವುದಕ್ಕಿಂತ ಕೆಟ್ಟದ್ದು. ಕೇಳಿದವನ ಪ್ರಶ್ನೆಯನ್ನು ಹೂಗಳ ಕೆಳಗೆ ಹೂತುಬಿಡುತ್ತದೆ.

ಸಂಜೆಗೆ ಅಫಜಲಪುರ ಕಡೆಯ ಹಿರಿಯರೊಬ್ಬರು ಆ ಫೋಟೋವನ್ನೇ ಹಿಡಿದು ಉತ್ತರ ಬರೆದರು: “ತಮ್ಮಾ, ಗಿಡ ಕಿತ್ತು ಕಾಂಡ ಉದ್ದಕ ಸೀಳಿ ನೋಡು. ಒಳಗ ಕಂದು ಗೆರಿ ಅದನೇನು?” ಹುಡುಗ ಸೀಳಿದ ಕಾಂಡದ ಫೋಟೋ ಹಾಕಿದ. ಬಿಳಿಯ ಕಟ್ಟಿಗೆಯ ನಡುವೆ ಕಪ್ಪುಗಂದು ಗೆರೆ ಬುಡದಿಂದ ಮೇಲಕ್ಕೆ ಎದ್ದು ಕಾಣುತ್ತಿತ್ತು. ಇನ್ನೊಬ್ಬರು, “ಬೇರಿನ ತೊಗಟಿ ಸುಲದು ಬರ್ತದೇನು ನೋಡು, ಹಂಗಿದ್ರ ಬೇರು ಕೊಳಿ ರೋಗನೂ ಕೂಡ್ಯದ” ಎಂದರು. ಮತ್ತೊಬ್ಬರು ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ಒಯ್ದು ತೋರಿಸಲು ಹೇಳಿದರು. ಮುಂದಿನ ವರ್ಷಕ್ಕೆ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚುವುದು, ಅದೇ ಹೊಲದಲ್ಲಿ ತೊಗರಿಯ ಮೇಲೆ ತೊಗರಿ ಹಾಕದೆ ಜೋಳ ಹಾಕುವುದು, ಒಂದರ ಹಿಂದೆ ಒಂದು ಮಾತು ಬಂತು. ಆ ಗಿಡ ಉಳಿಯಲಿಲ್ಲ. ಆದರೆ ಆ ಮಾತು ಅಲ್ಲಿ ಉಳಿದಿದೆ, ಹುಡುಕಿದರೆ ಇವತ್ತೂ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಆ ಹುಡುಗ ಮರುವರ್ಷ ಅದೇ ಗ್ರೂಪಿಗೆ ತಿರುಗಿ ಬಂದು, ಜೋಳ ಹಾಕಿದೆ, ಇಷ್ಟು ಬಂತು, ಪಕ್ಕದ ತುಂಡಿನಲ್ಲಿ ಬೀಜೋಪಚಾರ ಮಾಡಿ ತೊಗರಿ ಹಾಕಿದೆ, ಹೀಗಿದೆ ಎಂದು ಬರೆದ. ಕೇಳುವವರು ಬಹಳ, ಉತ್ತರ ಕೊಡುವವರು ಕೆಲವರು, ತಿರುಗಿ ಬಂದು ಏನಾಯಿತು ಎಂದು ಹೇಳುವವರು ತೀರ ಕಡಿಮೆ. ಅವರಿಲ್ಲದಿದ್ದರೆ ಹಿರಿಯರು ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ ಯಾರಿಗೂ ಗೊತ್ತಾಗುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ಅಕ್ಕಾರ ಮುಂದೆ ಹೇಳಲು ಮನಸ್ಸಾಗಲಿಲ್ಲ, ಆದರೂ ಹೇಳಿದೆ. 2018ರ ಜುಲೈ 13ರಂದು ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದರು. ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅವರು ಮಾಡಿದ್ದು. ಒಬ್ಬ ಇಂಜಿನಿಯರ್ ಹುಡುಗ ಸತ್ತ. ಸುದ್ದಿ ಹಬ್ಬಿದ್ದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿತು. ಅಲ್ಲಿ ಸಾಲು ಬದಲಿಸುವ ಯಂತ್ರ ಇರಲಿಲ್ಲ. ಕೈಗಳೇ ದಾಟಿಸಿದವು. ಇಂಥ ಸುದ್ದಿ ಬಂದಾಗ ಓದುವ ಬಹಳಷ್ಟು ಮಂದಿಗೆ ಒಳಗೊಳಗೆ ಅನುಮಾನ ಹುಟ್ಟುತ್ತದೆ. ಇದು ಖರೇ ಏನು, ಯಾರು ನೋಡ್ಯಾರ, ಯಾವ ಊರಾಗ ಎಂದು ಒಬ್ಬ ಕೇಳಿದರೂ ಸಾಕು, ಹೊಡೆಯಲು ಎದ್ದ ಕೈ ಒಂದು ಗಳಿಗೆ ತಡೆಯುತ್ತದೆ. ಎಲ್ಲ ಹೊತ್ತಿನಲ್ಲೂ ಮೌನ ಮರ್ಯಾದೆಯಲ್ಲ. ಸುಳ್ಳು ಸುದ್ದಿಯ ಮುಂದೆ ಸುಮ್ಮನಿದ್ದವರನ್ನು ಒಪ್ಪಿದವರೆಂದೇ ಉಳಿದವರು ತಿಳಿಯುತ್ತಾರೆ.

ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ. ಆಮೇಲೆ ಮೊಮ್ಮಗಳೇ ಕೇಳಿದಳು, “ಹಂಗಾದ್ರ ಹೊಸದಾಗಿ ಬಂದವರು ಏನ್ ಮಾಡ್ಬೇಕ್ರಿ ಅಜ್ಜಾ? ಬಂದ ಕೂಡಲೇ ಮಾತಾಡಿದ್ರ ಹಿರೇರು ಬೈತಾರ.”

ಅದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ದಾರಿಯಿದೆ. ಭಜನಿ ಮ್ಯಾಳ ನೋಡು ಅಂದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆ ನಿಂತದ್ದು ಆಗಿನ ಜೇವರ್ಗಿ ತಾಲ್ಲೂಕಿನ, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ. ಅವರ ಹಿಂದೆ ಬಂದವರಲ್ಲಿ ಖೈನೂರು ಕೃಷ್ಣಪ್ಪನೂ ಇದ್ದ, ಚೆನ್ನೂರು ಜಲಾಲಸಾಹೇಬನೂ ಇದ್ದ. ಅವರೆಲ್ಲ ಮೊದಲು ಕೇಳಿದವರು, ಆಮೇಲೆ ತಾವೇ ಪದ ಕಟ್ಟಿದವರು. ಈ ತತ್ವಪದಗಳು ಊರಿಂದ ಊರಿಗೆ ಹೋದದ್ದು ಕೇಳಿದವರ ಬಾಯಲ್ಲಿ, ಅವರು ಕೈಯಾರೆ ಬರೆದುಕೊಂಡ ವಹಿಗಳಲ್ಲಿ. ಪಂಡಿತರು ಕೂಡಿಸಿ ಅಚ್ಚು ಹಾಕಿಸಿದ್ದು ಎಷ್ಟೋ ಕಾಲದ ಮೇಲೆ. ಕೇಳಿದವರೆಲ್ಲ ಕೇಳಿ ಎದ್ದು ಮನೆಗೆ ಹೋಗಿದ್ದರೆ ಅಚ್ಚು ಹಾಕಿಸಲು ಏನೂ ಉಳಿದಿರುತ್ತಿರಲಿಲ್ಲ.

ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಭಜನಿ ಕೂಡುತ್ತದೆ. ಹೊಸ ಹುಡುಗ ಮೊದಲು ಬಾಗಿಲ ಹತ್ತಿರ, ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಕೆಲವು ಅಮಾವಾಸ್ಯೆ ಹೀಗೆ ಹೋಗುತ್ತವೆ. ಒಂದು ದಿನ ತಾಳ ಹೊಡೆಯುವ ಮುದುಕ ಚಹಾ ಕುಡಿಯಲು ಏಳುವಾಗ, “ಏ ತಮ್ಮಾ, ಇದ ಹಿಡಿ” ಎಂದು ತಾಳ ಅವನ ಕೈಗೆ ಕೊಟ್ಟು ಹೋಗುತ್ತಾನೆ. ಹುಡುಗನ ಕಿವಿ ಮೊದಲೇ ಹದಗೊಂಡಿರುತ್ತದೆ. ಎರಡು ಪೆಟ್ಟು ತಪ್ಪುತ್ತಾನೆ, ಏಕತಾರಿಯವನು ತಲೆಯಾಡಿಸಿ ದಾರಿ ತೋರಿಸುತ್ತಾನೆ, ಮೂರನೆಯದು ಕೂಡುತ್ತದೆ. ಮುದುಕ ಬೇಕೆಂತಲೇ ತಡವಾಗಿ ಬರುತ್ತಾನೆ. ಮುಂದಿನ ಸಲ ಹುಡುಗ ಹಿಂದೆ ಹಿಡಿಯುವವರ ಸಾಲಿನಲ್ಲಿ ಕೂಡುತ್ತಾನೆ. ಮುಂದಿನವರು ಒಂದು ಸಾಲು ಹೇಳಿದರೆ ಅದನ್ನು ಎತ್ತಿ ತಿರುಗಿ ಹೇಳುತ್ತಾನೆ. ವರ್ಷವೆರಡು ವರ್ಷದ ಮೇಲೆ ಯಾರೋ, “ಇವತ್ತೊಂದು ನೀ ಹಾಡು” ಅನ್ನುತ್ತಾರೆ. ಅಷ್ಟು ದಿನ ಬಾಗಿಲ ಬಳಿ ಸುಮ್ಮನೆ ಕೂತದ್ದು ಹಾಡುವ ಕೆಲಸದ ಭಾಗವೇ ಆಗಿತ್ತು. ಆದರೆ ತಾಳ ಕೈಗೆ ಬಂದಾಗ ಒಲ್ಲೆ ಅಂದಿದ್ದರೆ ಆ ಕೂತದ್ದಕ್ಕೆ ಅರ್ಥವಿರುತ್ತಿರಲಿಲ್ಲ.

ಗ್ರೂಪುಗಳಲ್ಲಿ ತಾಳ ಕೈಗೆ ಕೊಡುವ ಮುದುಕರು ಕಡಿಮೆಯಾಗಿದ್ದಾರೆ. ಅಡ್ಮಿನ್‌ಗಳು ಗಲಾಟೆ ಬೇಡವೆಂದು, ತಾವು ಮಾತ್ರ ಬರೆಯುವ ಹಾಗೆ ಕೀಲಿ ಹಾಕಿಕೊಳ್ಳುತ್ತಾರೆ. ಗಲಾಟೆ ನಿಲ್ಲುತ್ತದೆ, ಗ್ರೂಪು ನೋಟಿಸು ಬೋರ್ಡಾಗುತ್ತದೆ. ಅದರ ಬದಲು ಹೆಸರು ಹಿಡಿದು ಕೇಳಬೇಕು: “ಅಕ್ಕಾರ, ಇದು ನಿಮಗ ಗೊತ್ತದ, ಹೇಳ್ರಿ.” ಎಲ್ಲರನ್ನೂ ಕೇಳಿದರೆ ಯಾರೂ ಹೇಳುವುದಿಲ್ಲ, ಒಬ್ಬರನ್ನು ಕೇಳಿದರೆ ಅವರು ಹೇಳುತ್ತಾರೆ.

“ನಮ್ಮ ಮಾವನವರೂ ಭಜನಿ ಮಾಡ್ತಿದ್ರು,” ಅಂದರು ಅಕ್ಕಾರ, ಇದ್ದಕ್ಕಿದ್ದಂತೆ. “ಅವರ ವಹಿ ಟ್ರಂಕಿನ್ಯಾಗ ಅದ. ನಡುವಿನ ಎರಡು ಹಾಳಿ ಇಲಿ ಕಡದಾವ. ಅರ್ಧ ಪದ ಅದ, ಅರ್ಧ ಇಲ್ಲ.”

ನಾನಿರುವ ಭಜನಿ ಗ್ರೂಪಿನಲ್ಲಿ ಇಂಥದೇ ಕೆಲಸ ನಡೆದಿದೆ ಅಂದೆ. ಯಾರೋ ಹಳೆಯ ವಹಿಯ ಒಂದು ಪುಟದ ಫೋಟೋ ಹಾಕುತ್ತಾರೆ, ಕೆಳಗೆ ಊರಿನ ಹೆಸರು ಬರೆಯುತ್ತಾರೆ. ಒಂದು ಶಬ್ದ ಅಳಿಸಿದೆ, ಯಾರಿಗಾದರೂ ಬರುತ್ತದೆಯೇ ಎಂದು ಕೇಳುತ್ತಾರೆ. ಎರಡು ದಿನ ಬಿಟ್ಟು ಆಳಂದ ಕಡೆಯ ಹಾಡುಗಾರರೊಬ್ಬರು, ನಮ್ಮ ಮ್ಯಾಳದಲ್ಲಿ ಈ ಸಾಲು ಹೀಗೆ ಹಾಡುತ್ತೇವೆ ಎಂದು ದನಿ ಕಳಿಸುತ್ತಾರೆ. ಅಫಜಲಪುರದವರು, ಅಲ್ಲ, ನಮ್ಮಲ್ಲಿ ಬೇರೆ ಇದೆ ಎಂದು ಇನ್ನೊಂದು ಕಳಿಸುತ್ತಾರೆ. ಎರಡೂ ಇರಲಿ ಎಂದು ಮೂರನೆಯವರು ಬರೆದಿಡುತ್ತಾರೆ. ಅವಸರ ಯಾರಿಗೂ ಇಲ್ಲ. ಇಲಿ ಕಡಿದ ಆ ಅರ್ಧ ಯಾವುದೋ ಊರಿನಲ್ಲಿ ಯಾರದೋ ಬಾಯಲ್ಲಿ ಇದ್ದರೂ ಇರಬಹುದು. ಕೇಳದಿದ್ದರೆ ಅವರಾದರೂ ಹೇಗೆ ಹೇಳಿಯಾರು?

“ಮೊದಲಿನ ಸಾಲು ಹ್ಯಾಂಗ ಶುರು ಆಗ್ತದ ಹೇಳ್ರಿ,” ಅಂದೆ.

“ಬಾಯಾಗ ಬರವಲ್ದು ನೋಡ್ರಿ. ತಡೀರಿ, ಟ್ರಂಕ್ ತೆಗಸ್ತೀನಿ,” ಎಂದು ಅಕ್ಕಾರ ಮೊಮ್ಮಗಳ ಕಡೆ ತಿರುಗಿದರು. “ಏ ಕೂಸಾ, ನನ್ನ ಚಾಳೀಸ್ ತಗೊಂಡು ಬಾ. ಮಾವನವರ ಅಕ್ಷರ ಭಾಳ ಸಣ್ಣವು.”